ಟರ್ಕಿಗೆ ಕೊಟ್ಟ ನೆರವು ಸಾಲವಾಗಿತ್ತೇ?

2025ರ ಮೇ ತಿಂಗಳಲ್ಲಿ ದೇಶದುದ್ದಕ್ಕೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಬಂತು: 2023ರಲ್ಲಿ ಭೂಕಂಪವಾದಾಗ ನಾವು ಓಡಿಹೋಗಿ ಕೈಹಿಡಿಯಲಿಲ್ಲವೇ, ಅದಕ್ಕೆ ಟರ್ಕಿ ತೋರಿಸುವ ಕೃತಜ್ಞತೆ ಇದೇನಾ? ಆಪರೇಷನ್ ಸಿಂಧೂರದ ಸಮಯದಲ್ಲಿ ಟರ್ಕಿ ಪಾಕಿಸ್ತಾನದ ಬೆನ್ನಿಗೆ ನಿಂತಿತ್ತು. ಪಾಕಿಸ್ತಾನ ಹಾರಿಸಿದ ಡ್ರೋನ್‌ಗಳು ಟರ್ಕಿಯಲ್ಲಿ ತಯಾರಾದವು ಎಂಬುದು ಮೊದಲ ತನಿಖೆಯಲ್ಲಿ ಕಂಡುಬಂದಿದೆ ಎಂದು ನಮ್ಮ ಸೇನೆಯೇ ಹೇಳಿತ್ತು. ಸಿಟ್ಟು ಬರಬೇಕಾದದ್ದೇ, ಬಂತು. ಪುಣೆಯ ವರ್ತಕರು ಟರ್ಕಿಯ ಸೇಬು ತರಿಸುವುದನ್ನು ನಿಲ್ಲಿಸಿದರು. ಪ್ರವಾಸ ಹೊರಟವರು ಟಿಕೆಟ್ ರದ್ದು ಮಾಡಿದರು. ವಿಮಾನ ನಿಲ್ದಾಣಗಳಲ್ಲಿ ಸಾಮಾನು ಸಾಗಣೆಯಂತಹ ಸೇವೆ ಒದಗಿಸುತ್ತಿದ್ದ ಟರ್ಕಿ ಮೂಲದ ಚೆಲೆಬಿ ಕಂಪನಿಯ ಭದ್ರತಾ ಅನುಮತಿಯನ್ನು ಮೇ 15ರಂದು ಕೇಂದ್ರ ಸರ್ಕಾರ ಹಿಂಪಡೆಯಿತು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲೂ ಅದರ ಕೆಲಸವಿತ್ತು. ಕೇರಳ ಸರ್ಕಾರ 2023ರಲ್ಲಿ ಟರ್ಕಿಯ ಸಂತ್ರಸ್ತರಿಗೆಂದು ಘೋಷಿಸಿದ್ದ 10 ಕೋಟಿ ರೂಪಾಯಿಯ ಕಡತ ಕೂಡ ಚರ್ಚೆಗೆ ಬಂತು; ಆ ಔದಾರ್ಯ ಅಸ್ಥಾನದ್ದಾಗಿತ್ತು ಎಂಬ ಅರ್ಥದಲ್ಲಿ ಸಂಸದ ಶಶಿ ತರೂರ್ ಟೀಕಿಸಿದರು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಟರ್ಕಿಯ ಇನೋನು ವಿಶ್ವವಿದ್ಯಾಲಯದ ಜೊತೆಗಿನ ಒಪ್ಪಂದವನ್ನು ಅಮಾನತಿನಲ್ಲಿ ಇರಿಸಿತು.

ಇನೋನು ವಿಶ್ವವಿದ್ಯಾಲಯ ಇರುವುದು ಮಲತ್ಯಾ ನಗರದಲ್ಲಿ. 2023ರ ಫೆಬ್ರುವರಿ 6ರಂದು ನೆಲಕಚ್ಚಿದ ಊರುಗಳಲ್ಲಿ ಮಲತ್ಯಾವೂ ಒಂದು. ಬೆಂಗಳೂರಿನ ಕಂಪನಿಯೊಂದರ ಕೆಲಸದ ಮೇಲೆ ಹೋಗಿದ್ದ ಭಾರತೀಯರೊಬ್ಬರು, ತಾವು ತಂಗಿದ್ದ ಹೋಟೆಲಿನ ಅವಶೇಷಗಳಡಿ ಸಿಕ್ಕಿ ಪ್ರಾಣ ಬಿಟ್ಟದ್ದು ಅದೇ ಊರಿನಲ್ಲಿ.

ಟರ್ಕಿಯ ಅಧ್ಯಕ್ಷ ಎರ್ದೊಆನ್ ಅವರ ಸರ್ಕಾರದ ನೀತಿಯನ್ನು ವಿರೋಧಿಸಲು ನಮಗೆ ಎಲ್ಲ ಹಕ್ಕೂ ಇದೆ. ಯಾರ ಜೊತೆ ವ್ಯಾಪಾರ ಮಾಡಬೇಕು, ಯಾವ ಊರಿಗೆ ಪ್ರವಾಸ ಹೋಗಬೇಕು ಎಂಬುದು ನಮ್ಮ ಇಷ್ಟ. ಆದರೆ ಭೂಕಂಪದ ನೆರವನ್ನು ಆ ಜಗಳದೊಳಗೆ ಎಳೆದು ತಂದು, ಕೊಟ್ಟದ್ದಕ್ಕೆ ಪ್ರತಿಫಲ ಕೇಳಿದ್ದು ತಪ್ಪು ಎಂದು ನಾನು ದೃಢವಾಗಿ ನಂಬುತ್ತೇನೆ. ಆ ತಪ್ಪು 2025ರಲ್ಲಿ ದಿಢೀರನೆ ಹುಟ್ಟಿದ್ದಲ್ಲ. ಪರದೇಶದಲ್ಲಿ ದೊಡ್ಡ ಭೂಕಂಪವಾದ ಸುದ್ದಿ ಬಂದ ಮೊದಲ ಗಂಟೆಯಿಂದಲೇ ಜನರ ಮನಸ್ಸು ಹೇಗೆ ಹರಿಯುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ ಎಂದು ನೋಡಿದರೆ ಅದರ ಬೇರು ಕಾಣುತ್ತದೆ.

2023ರ ಆ ಫೆಬ್ರುವರಿ 6ರಂದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 6.47. ಟರ್ಕಿಯಲ್ಲಿ ಇನ್ನೂ 4.17ರ ನಸುಕು, ಹೊರಗೆ ಮೈಕೊರೆಯುವ ಚಳಿ, ಜನ ಹಾಸಿಗೆಯಲ್ಲಿ. ಅರೇಬಿಯಾದ ಭೂಫಲಕ ಉತ್ತರಕ್ಕೆ ತಳ್ಳುತ್ತಿರುವುದರಿಂದ ಅನಾತೋಲಿಯಾದ ಫಲಕ ಪಶ್ಚಿಮಕ್ಕೆ ಜಾರುತ್ತದೆ. ಆ ಎರಡರ ನಡುವಿನ ಪೂರ್ವ ಅನಾತೋಲಿಯಾ ಬಿರುಕಿನಲ್ಲಿ ಶತಮಾನಗಳಿಂದ ಕೂಡಿದ್ದ ಒತ್ತಡ 300 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸಿಡಿಯಿತು. ತೀವ್ರತೆ 7.8. ಸುಮಾರು ಒಂಬತ್ತು ಗಂಟೆಗಳ ನಂತರ, ಮಧ್ಯಾಹ್ನ 1.24ಕ್ಕೆ, ಪಕ್ಕದ ಇನ್ನೊಂದು ಬಿರುಕಿನಲ್ಲಿ 7.5 ತೀವ್ರತೆಯ ಕಂಪನ. ಟರ್ಕಿಯಲ್ಲಿ 53,000ಕ್ಕೂ ಹೆಚ್ಚು ಜನ ಸತ್ತರು. ಗಡಿಯಾಚೆ ಸಿರಿಯಾದಲ್ಲಿ ಸಾವಿರಾರು ಮಂದಿ.

ಎರಡನೆಯ ಕಂಪನ ಹಗಲಿನಲ್ಲಿ ಬಂದದ್ದರಿಂದ ಸುದ್ದಿಯ ಸ್ವರೂಪವೇ ಬದಲಾಯಿತು. ಅಷ್ಟು ಹೊತ್ತಿಗೆ ಕ್ಯಾಮೆರಾ ಹಿಡಿದ ವರದಿಗಾರರು ಬೀದಿಯಲ್ಲಿದ್ದರು, ಮೊಬೈಲ್ ಎಲ್ಲರ ಕೈಯಲ್ಲಿತ್ತು. ಬೆಳಿಗ್ಗೆ ಬಿರುಕುಬಿಟ್ಟು ನಿಂತಿದ್ದ ಕಟ್ಟಡಗಳು ನೇರಪ್ರಸಾರದಲ್ಲೇ ಕುಸಿದವು. ನಸುಕಿನ ಕತ್ತಲಲ್ಲಿ ಸತ್ತವರು ಬಹಳ ಹೆಚ್ಚು, ಆದರೆ ಜಗತ್ತು ನೋಡಿ ಬೆಚ್ಚಿದ್ದು ಮಧ್ಯಾಹ್ನದ ದೃಶ್ಯಗಳನ್ನು. ದೂರದ ಭೂಕಂಪವೊಂದು ನಮ್ಮ ಮನಸ್ಸನ್ನು ಎಷ್ಟು ತಟ್ಟುತ್ತದೆ ಎಂಬುದು ಅದು ಎಷ್ಟು ಜನರನ್ನು ಕೊಂದಿತು ಎಂಬುದಕ್ಕಿಂತ ಹೆಚ್ಚಾಗಿ ಅದು ಎಷ್ಟು ಕಾಣಿಸಿತು ಎಂಬುದನ್ನು ಅವಲಂಬಿಸಿದೆ.

ಕಾಣುವ ಹಸಿವು ಎಷ್ಟಿರುತ್ತದೆ ಎಂದರೆ ನಿಜವಾದ ದೃಶ್ಯಗಳು ಸಾಲದೆ ಹಳೆಯವು ಸೇರಿಕೊಂಡವು. 2020ರಲ್ಲಿ ಬೈರೂತ್ ಬಂದರಿನಲ್ಲಿ ನಡೆದ ಸ್ಫೋಟದ ವಿಡಿಯೊ ‘ಟರ್ಕಿಯ ಅಣುಸ್ಥಾವರ ಸಿಡಿಯಿತು’ ಎಂಬ ಹೆಸರಿನಲ್ಲಿ ಓಡಾಡಿತು. 2021ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕುಸಿದ ವಸತಿ ಕಟ್ಟಡವೂ ಟರ್ಕಿಯದಾಯಿತು. ಮಗುವನ್ನು ಎತ್ತಿಕೊಂಡ ಅಗ್ನಿಶಾಮಕ ಸಿಬ್ಬಂದಿಯ ಚಿತ್ರವೊಂದನ್ನು ತೋರಿಸಿ ವಂಚಕರು ದೇಣಿಗೆ ಎತ್ತಲು ಹೊರಟರು; ಅದು ಕೃತಕ ಬುದ್ಧಿಮತ್ತೆ ರಚಿಸಿದ ಚಿತ್ರ, ಆ ಮನುಷ್ಯನ ಕೈಗೆ ಆರು ಬೆರಳಿದ್ದವು. ಇವನ್ನು ಹಂಚಿಕೊಂಡವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಮರುಗಿದ ಮನಸ್ಸಿಗೆ ಏನಾದರೂ ಮಾಡಬೇಕು ಎನಿಸುತ್ತದೆ. ಕೈಗೆ ಸಿಗುವ ಅತಿ ಸುಲಭದ ಕೆಲಸ ಎಂದರೆ ಇನ್ನೊಬ್ಬರಿಗೆ ಕಳುಹಿಸುವುದು. ಆದರೆ ಅದೇ ದಿನಗಳಲ್ಲಿ ಅವಶೇಷಗಳಡಿ ಸಿಕ್ಕಿಕೊಂಡವರು ತಾವಿರುವ ವಿಳಾಸವನ್ನು ಟ್ವಿಟರ್ ಮತ್ತು ವಾಟ್ಸ್‌ಆ್ಯಪ್ ಮೂಲಕ ಹೊರಗೆ ತಿಳಿಸುತ್ತಿದ್ದರು. ಸುಳ್ಳು ಸುದ್ದಿಯ ಕಾರಣ ಮುಂದೊಡ್ಡಿ ಟರ್ಕಿ ಸರ್ಕಾರ ಫೆಬ್ರುವರಿ 8ರಂದು ಟ್ವಿಟರ್‌ಗೆ ಹಲವು ಗಂಟೆಗಳ ಕಾಲ ತಡೆಹಾಕಿತು. ಉಸಿರಿರುವವರನ್ನು ಹುಡುಕುವ ಹೊತ್ತಿನಲ್ಲಿ ಆ ದಾರಿ ಮುಚ್ಚಿದ್ದಕ್ಕೆ ಅಲ್ಲಿನ ಜನ ಕೆರಳಿದ್ದರಲ್ಲಿ ಆಶ್ಚರ್ಯವಿಲ್ಲ.

ಒಂದು ಮುಖಕ್ಕೆ ಇರುವ ಶಕ್ತಿ ಅಂಕಿಗಳಿಗಿಲ್ಲ. ಕಹ್ರಮನ್‌ಮರಾಶ್‌ನಲ್ಲಿ ತಂದೆಯೊಬ್ಬ ಕಾಂಕ್ರೀಟ್ ರಾಶಿಯ ಮೇಲೆ ಕುಳಿತು, ಹಾಸಿಗೆಯಿಂದ ಹೊರಚಾಚಿದ ತನ್ನ ಮೃತ ಮಗಳ ಕೈಯನ್ನು ಹಿಡಿದುಕೊಂಡೇ ಇದ್ದ ಚಿತ್ರ ಜಗತ್ತಿನ ಪತ್ರಿಕೆಗಳ ಮುಖಪುಟಗಳಲ್ಲಿ ಬಂತು. ಸಿರಿಯಾದ ಜಿಂದಿರೆಸ್‌ನಲ್ಲಿ ಅವಶೇಷಗಳಡಿಯಲ್ಲೇ ಹುಟ್ಟಿದ ಹೆಣ್ಣುಮಗುವನ್ನು ರಕ್ಷಿಸಲಾಯಿತು, ತಾಯಿ ಬದುಕಲಿಲ್ಲ. ಆ ಒಂದು ಮಗುವನ್ನು ದತ್ತು ತೆಗೆದುಕೊಳ್ಳಲು ಜಗತ್ತಿನ ಮೂಲೆಮೂಲೆಯಿಂದ ಸಾವಿರಾರು ಮಂದಿ ಮುಂದೆ ಬಂದರು. ಕ್ಯಾಮೆರಾ ಹೋಗದ ಓಣಿಗಳಲ್ಲಿ ಅದೇ ದಿನ ತಬ್ಬಲಿಗಳಾದ ಮಕ್ಕಳನ್ನು ಕೇಳಿದವರಿಲ್ಲ. ಇದಕ್ಕೆ ವಿವರಣೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಮತ್ತು ಸಂಗಡಿಗರು 2007ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆಫ್ರಿಕಾದ ಮಾಲಿ ದೇಶದ ಏಳು ವರ್ಷದ ಹುಡುಗಿಯ ಚಿತ್ರ ಮತ್ತು ಕಥೆಯನ್ನು ಒಂದು ಗುಂಪಿಗೆ ಕೊಟ್ಟರು, ಲಕ್ಷಾಂತರ ಜನರ ಹಸಿವಿನ ಅಂಕಿಅಂಶವನ್ನು ಮತ್ತೊಂದಕ್ಕೆ. ಮೊದಲ ಗುಂಪು ಕೊಟ್ಟ ದೇಣಿಗೆ ಎರಡರಷ್ಟಕ್ಕಿಂತ ಹೆಚ್ಚು. ಹುಡುಗಿಯ ಕಥೆಯ ಜೊತೆಗೇ ಅಂಕಿಅಂಶವನ್ನೂ ಸೇರಿಸಿದಾಗ ದೇಣಿಗೆ ಇಳಿದೇಹೋಯಿತು. ಸಾವಿನ ಸಂಖ್ಯೆ ಐದು ಸಾವಿರದಿಂದ ಐವತ್ತು ಸಾವಿರಕ್ಕೆ ಏರಿದಾಗ ನಮ್ಮ ದುಃಖ ಹತ್ತು ಪಟ್ಟಾಗುವುದಿಲ್ಲ. ಅಷ್ಟರಲ್ಲಿ ಸುದ್ದಿ ಒಳಪುಟಕ್ಕೆ ಸರಿದಿರುತ್ತದೆ.

ಮರುಕದ ಹಿಂದೆಯೇ ಬರುವುದು ಭಯ. ‘ನಮ್ಮಲ್ಲೂ ಆಗುತ್ತದೆಯೇ?’ ಎಂಬ ಪ್ರಶ್ನೆ ಸುದ್ದಿವಾಹಿನಿಗಳಲ್ಲಿ ಎದ್ದೇಳುವುದಕ್ಕೆ ಒಂದು ದಿನವೂ ಹಿಡಿಯುವುದಿಲ್ಲ. 2023ರಲ್ಲಿ ಆ ಭಯಕ್ಕೆ ತುಪ್ಪ ಸುರಿದವರು ನೆದರ್ಲೆಂಡ್ಸ್‌ನ ಫ್ರಾಂಕ್ ಹೂಗರ್‌ಬೀಟ್ಸ್. ಗ್ರಹಗಳ ಜೋಡಣೆ ನೋಡಿ ಭೂಕಂಪ ಹೇಳುತ್ತೇನೆ ಎನ್ನುವ ಇವರು, ಟರ್ಕಿ, ಸಿರಿಯಾ, ಜೋರ್ಡಾನ್, ಲೆಬನಾನ್ ಪ್ರದೇಶದಲ್ಲಿ ಇಂದಲ್ಲ ನಾಳೆ ಸುಮಾರು 7.5ರ ಭೂಕಂಪ ಆಗುತ್ತದೆ ಎಂದು ಮೂರು ದಿನ ಮೊದಲು ಬರೆದಿದ್ದರು. ಅದು ಭವಿಷ್ಯವಾಣಿಯಂತೆ ಹಬ್ಬಿತು. ಆಮೇಲೆ ಅಫ್ಘಾನಿಸ್ತಾನ, ಪಾಕಿಸ್ತಾನ, ಭಾರತದ ಕಡೆಗೆ ಕೈ ತೋರಿಸಿ ಅವರು ಆಡಿದ ಮಾತುಗಳು ನಮ್ಮ ಮನೆಮನೆಯ ಮೊಬೈಲ್‌ಗೆ ಬಂದವು. ಇಂದಲ್ಲ ನಾಳೆ ಎಂಬ ಮಾತಿನಲ್ಲಿ ದಿನಾಂಕವೇ ಇಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸರಾಸರಿ 15 ಭೂಕಂಪಗಳು 7ರಿಂದ 7.9ರ ತೀವ್ರತೆಯವು, ಬಿರುಕು ಇರುವ ಪ್ರದೇಶದ ಹೆಸರು ಹೇಳಿ ಕಾಯುತ್ತಾ ಕೂತರೆ ಯಾವತ್ತಾದರೂ ಒಂದು ಹೊಂದುತ್ತದೆ. ಹೊಂದದ ನೂರನ್ನು ಯಾರೂ ನೆನಪಿಡುವುದಿಲ್ಲ. ದಿನ, ಸ್ಥಳ, ತೀವ್ರತೆ ಮೂರನ್ನೂ ಖಚಿತವಾಗಿ ಮೊದಲೇ ಹೇಳಿದ ವಿಜ್ಞಾನಿ ಇಂದಿನವರೆಗೆ ಒಬ್ಬರೂ ಇಲ್ಲ.

ಈ ಭಯದ ಬೆಲೆಯನ್ನು ಕಲ್ಯಾಣ ಕರ್ನಾಟಕದ ಜನ ಬಲ್ಲರು. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ಸದ್ದು ಮಾಡಿ ನಡುಗಿದಾಗ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರಲ್ಲಿ ಆದ ಭೂಕಂಪ ದುರಂತದ ನೆನಪು ಇನ್ನೂ ಮಾಸದ ಆ ಭಾಗದಲ್ಲಿ ಎಷ್ಟೋ ಕುಟುಂಬಗಳು ಊರು ತೊರೆದವು. ಅಲ್ಲಿನ ದೊಡ್ಡ ಕಂಪನದ ತೀವ್ರತೆ 4ರ ಆಸುಪಾಸು. ಟರ್ಕಿಯ 7.8ರಲ್ಲಿ ಬಿಡುಗಡೆಯಾದ ಶಕ್ತಿ ಅದಕ್ಕಿಂತ ಸುಮಾರು ಐದು ಲಕ್ಷ ಪಟ್ಟು ಹೆಚ್ಚು. ಈ ಅಂತರವನ್ನು ಹೇಳದೆ ಟರ್ಕಿಯ ದೃಶ್ಯದ ಪಕ್ಕದಲ್ಲಿ ಗಡಿಕೇಶ್ವಾರದ ಬಿರುಕುಬಿಟ್ಟ ಗೋಡೆಯನ್ನು ತೋರಿಸುವುದು ಆ ಊರಿನವರಿಗೆ ಮಾಡುವ ಅನ್ಯಾಯ.

ಹಾಗೆಂದು ಟರ್ಕಿಯಿಂದ ನಮಗೆ ಕಲಿಯುವುದೇನೂ ಇಲ್ಲ ಎಂದಲ್ಲ. ಕಲಿಯಬೇಕಾದದ್ದು ಬೇರೆ, ಅದು ನೆಲದ ಮೇಲೆ ನಿಂತಿದೆ. ಭೂಕಂಪವಾಗಿ ಕೆಲವೇ ದಿನಗಳಲ್ಲಿ ಟರ್ಕಿಯ ಜನರ ದುಃಖ ಕಟ್ಟಡ ಕಟ್ಟಿದವರ ಮೇಲಿನ ಕೋಪವಾಗಿ ತಿರುಗಿತು. ಕುಸಿದವುಗಳಲ್ಲಿ ಹಳೆಯ ಮನೆಗಳಷ್ಟೇ ಇರಲಿಲ್ಲ, ಭೂಕಂಪ ತಡೆಯುವ ಕಟ್ಟಡವೆಂದು ಜಾಹೀರಾತು ಕೊಟ್ಟು ಮಾರಿದ ಹೊಸ ಬಹುಮಹಡಿಗಳೂ ಇದ್ದವು. ಮಹಡಿಯ ಮೇಲೆ ಮಹಡಿ ಕುಳಿತು ನಡುವೆ ಅಂಗೈಯಷ್ಟೂ ಜಾಗ ಉಳಿಯದ ಕುಸಿತಗಳು. ಗುತ್ತಿಗೆದಾರರು ದೇಶ ಬಿಡಲು ಹೊರಟಾಗ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರು. ಆಗ ಹಳೆಯ ವಿಡಿಯೊ ಒಂದು ಹೊರಬಂತು. 2019ರ ಚುನಾವಣಾ ಪ್ರಚಾರದಲ್ಲಿ ಇದೇ ಕಹ್ರಮನ್‌ಮರಾಶ್‌ಗೆ ಬಂದಿದ್ದ ಎರ್ದೊಆನ್, ನಿಯಮ ಮೀರಿದ ಕಟ್ಟಡಗಳಿಗೆ ಕ್ಷಮಾದಾನ ಕೊಟ್ಟು ಈ ಊರಿನ 1,44,000ಕ್ಕೂ ಹೆಚ್ಚು ನಾಗರಿಕರ ಸಮಸ್ಯೆ ಬಗೆಹರಿಸಿದ್ದೇವೆ ಎಂದು ಹೆಮ್ಮೆಯಿಂದ ಹೇಳಿದ್ದರು. 2018ರ ಆ ಯೋಜನೆಯಡಿ ದೇಶದಲ್ಲಿ 70 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು. ದಂಡ ಕಟ್ಟಿದರೆ ಸಾಕು, ಕಾಗದದ ಮೇಲೆ ಕಟ್ಟಡ ಸಕ್ರಮ.

ಕರ್ನಾಟಕದವರಿಗೆ ಈ ಮಾತು ಹೊಸದಲ್ಲ. ದಂಡ ಕಟ್ಟಿಸಿಕೊಂಡು, ವಸತಿ ಕಟ್ಟಡಗಳಲ್ಲಿ ಶೇ 50ರವರೆಗಿನ ಮತ್ತು ವಾಣಿಜ್ಯ ಕಟ್ಟಡಗಳಲ್ಲಿ ಶೇ 25ರವರೆಗಿನ ನಿಯಮ ಉಲ್ಲಂಘನೆಯನ್ನು ಒಪ್ಪಿಕೊಳ್ಳುವ ನಮ್ಮ ಅಕ್ರಮ–ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಮನೆ ಕಟ್ಟಿಕೊಂಡ ಮಧ್ಯಮ ವರ್ಗದವರ ಸಂಕಟ ನಿಜವಾದದ್ದೇ. ಆದರೆ ಬಿಡಬೇಕಾದ ಜಾಗ ಬಿಡದೆ, ಅಡಿಪಾಯದ ಲೆಕ್ಕ ಮೀರಿ ಏರಿಸಿದ ಮಹಡಿಗೆ ರಸೀದಿಯಿಂದ ಬಲ ಬರುವುದಿಲ್ಲ. ಬೆಂಗಳೂರು ಟರ್ಕಿಯಷ್ಟು ಅಪಾಯದ ವಲಯದಲ್ಲಿಲ್ಲ, ಹೌದು. ಭೂಕಂಪವೇ ಇಲ್ಲದೆ, ಬರೀ ಮಳೆಗೆ ಈ ನಗರದಲ್ಲಿ ಕಟ್ಟಡಗಳು ಬಿದ್ದಿವೆ ಎಂಬುದೂ ಅಷ್ಟೇ ನಿಜ. ಟರ್ಕಿಯ ಸುದ್ದಿ ನೋಡುವಾಗ ಗ್ರಹಗತಿಯ ವಿಡಿಯೊ ಹುಡುಕುವ ಬದಲು ನಮ್ಮ ಬೀದಿಯ ನಕ್ಷೆ ಮಂಜೂರಾತಿಯನ್ನು ಕೇಳಿದ್ದರೆ ಆ ಭಯಕ್ಕೆ ಏನಾದರೂ ಅರ್ಥ ಇರುತ್ತಿತ್ತು.

ಹತಾಯ್ ಪ್ರಾಂತ್ಯದ ಎರ್ಜಿನ್ ಎಂಬ ಪಟ್ಟಣದ ಕಥೆ ಆಗ ಬಹಳ ಓಡಿತು. ಸುತ್ತಲ ಊರುಗಳೆಲ್ಲ ನೆಲಸಮವಾದರೂ ಅಲ್ಲಿ ಒಂದು ಜೀವವೂ ಹೋಗಲಿಲ್ಲ. ಅಕ್ರಮ ಕಟ್ಟಡಕ್ಕೆ ನಾನು ಅವಕಾಶವನ್ನೇ ಕೊಡಲಿಲ್ಲ ಎಂದು ಮೇಯರ್ ಹೇಳಿದರು. ಪ್ರಾಮಾಣಿಕ ಮನುಷ್ಯನೊಬ್ಬ ಊರು ಉಳಿಸಿದ ಎಂಬ ಕಥೆ ಎಲ್ಲರಿಗೂ ಹಿಡಿಸಿತು. ಊರಿನ ತಳದ ನೆಲ ಗಟ್ಟಿಯಾಗಿದ್ದುದೂ ಕಾರಣ ಎಂದು ಭೂವಿಜ್ಞಾನಿಗಳು ಹೇಳಿದ್ದು ಅಷ್ಟು ದೂರ ತಲುಪಲಿಲ್ಲ. ಮೆತ್ತನೆಯ ಮೆಕ್ಕಲು ಮಣ್ಣಿನ ಮೇಲಿದ್ದ ಅಂತಾಕ್ಯಾ ನಗರದಲ್ಲಿ ಕಂಪನ ಹಲವು ಪಟ್ಟು ಹಿಗ್ಗಿತ್ತು.

ಇನ್ನು ಸಿರಿಯಾ. ಈ ಇಡೀ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಭಾಗ ಇದು. ಭೂಕಂಪ ಗಡಿ ನೋಡಲಿಲ್ಲ, ನೆರವು ನೋಡಿತು. ವಾಯವ್ಯ ಸಿರಿಯಾದಲ್ಲಿ ಬಂಡುಕೋರರ ಹಿಡಿತದ ಪ್ರದೇಶದಲ್ಲಿ 40 ಲಕ್ಷಕ್ಕೂ ಹೆಚ್ಚು ಜನರಿದ್ದರು, ಅವರಲ್ಲಿ ಬಹುಪಾಲು ಯುದ್ಧದಿಂದ ಆಗಲೇ ಮನೆ ಕಳೆದುಕೊಂಡವರು. ಅಲ್ಲಿಗೆ ವಿಶ್ವಸಂಸ್ಥೆಯ ಸಾಮಗ್ರಿ ಹೋಗಲು ಭದ್ರತಾ ಮಂಡಳಿ ಒಪ್ಪಿದ್ದ ದಾರಿ ಒಂದೇ ಒಂದು, ಟರ್ಕಿ ಗಡಿಯ ಬಾಬ್ ಅಲ್ ಹವಾ. ಆ ದಾರಿಯಲ್ಲಿ ವಿಶ್ವಸಂಸ್ಥೆಯ ಮೊದಲ ಲಾರಿಗಳು ದಾಟಿದ್ದು ಫೆಬ್ರುವರಿ 9ರಂದು, ನಾಲ್ಕನೆಯ ದಿನ. ಅದಕ್ಕೂ ಮೊದಲೇ ಆ ದಾರಿಯಲ್ಲಿ ಬಂದದ್ದು ಶವಗಳು. ಟರ್ಕಿಯಲ್ಲಿ ಆಶ್ರಯ ಪಡೆದಿದ್ದ ಸಿರಿಯನ್ನರು ಭೂಕಂಪಕ್ಕೆ ಬಲಿಯಾಗಿ ಮಣ್ಣಿಗಾಗಿ ತಾಯ್ನಾಡಿಗೆ ಮರಳಿದ್ದರು. ಯಂತ್ರಗಳಿಲ್ಲದೆ, ಇಂಧನವಿಲ್ಲದೆ ‘ಶ್ವೇತ ಶಿರಸ್ತ್ರಾಣ’ (ವೈಟ್ ಹೆಲ್ಮೆಟ್ಸ್) ಎಂಬ ಸಿರಿಯಾದ ರಕ್ಷಣಾ ತಂಡದ ಸ್ವಯಂಸೇವಕರು ಗುದ್ದಲಿ, ಬರಿಗೈಗಳಿಂದ ಕಲ್ಲು ಸರಿಸುತ್ತಿದ್ದರು. ವಾಯವ್ಯ ಸಿರಿಯಾದ ಜನರ ವಿಷಯದಲ್ಲಿ ನಾವು ಇದುವರೆಗೆ ಸೋತಿದ್ದೇವೆ ಎಂದು ವಿಶ್ವಸಂಸ್ಥೆಯ ಪರಿಹಾರ ಕಾರ್ಯಗಳ ಮುಖ್ಯಸ್ಥ ಮಾರ್ಟಿನ್ ಗ್ರಿಫಿತ್ಸ್ ಫೆಬ್ರುವರಿ 12ರಂದು ಬಹಿರಂಗವಾಗಿ ಒಪ್ಪಿಕೊಂಡರು. ಇನ್ನೆರಡು ದಾರಿಗಳನ್ನು ತೆರೆಯಲು ಸಿರಿಯಾದ ಅಂದಿನ ಅಧ್ಯಕ್ಷ ಅಸಾದ್ ಒಪ್ಪಿದ್ದು ಮರುದಿನ, ಅಷ್ಟರಲ್ಲಿ ಕಲ್ಲುಗಳಡಿಯ ದನಿಗಳು ನಿಂತಿದ್ದವು.

ಜಗತ್ತಿನ ಜನರ ಮರುಕ ಸಿರಿಯಾಕ್ಕೆ ಕಡಿಮೆಯಾಗಿತ್ತೇ? ಜಿಂದಿರೆಸ್‌ನ ಮಗುವಿಗಾಗಿ ಬಂದ ಸಾವಿರಾರು ಕರೆಗಳು ಹಾಗೆ ಹೇಳುವುದಿಲ್ಲ. ಮರುಕವಿತ್ತು, ಹೋಗಲು ರಸ್ತೆ ಇರಲಿಲ್ಲ. ನಿರ್ಬಂಧಗಳು, ಯಾರ ಸರ್ಕಾರದ ಮೂಲಕ ಕಳುಹಿಸಬೇಕೆಂಬ ವಾದ, ಬ್ಯಾಂಕುಗಳ ಹಿಂಜರಿಕೆ. ಮಾರ್ಚ್ 20ರಂದು ಬ್ರಸೆಲ್ಸ್‌ನಲ್ಲಿ ಸೇರಿದ ದಾನಿಗಳ ಸಮ್ಮೇಳನ 700 ಕೋಟಿ ಯೂರೊ ಭರವಸೆ ನೀಡಿತು. ಅದರಲ್ಲಿ ಟರ್ಕಿಗೆ ಸಾಲವೂ ಸೇರಿ 605 ಕೋಟಿ, ಸಿರಿಯಾಕ್ಕೆ 95 ಕೋಟಿ. ಟರ್ಕಿಯ ಹಾನಿ ದೊಡ್ಡದು, ಸತ್ತವರು ಬಹಳ ಹೆಚ್ಚು, ಆದ್ದರಿಂದ ಸಮಪಾಲು ಯಾರೂ ಕೇಳಲಾರರು. ಆದರೆ ಟರ್ಕಿಗೆ ತನ್ನದೇ ಸೇನೆ, ರಸ್ತೆ, ಆಸ್ಪತ್ರೆ, ಖಜಾನೆ ಇದ್ದವು. ವಾಯವ್ಯ ಸಿರಿಯಾದ ಇದ್ಲಿಬ್‌ನ ಡೇರೆಗಳಲ್ಲಿದ್ದವರಿಗೆ ಅದಾವುದೂ ಇರಲಿಲ್ಲ.

ರಸ್ತೆಯ ಹಾಗೆಯೇ ದಿನಾಂಕವೂ ಒಬ್ಬರ ಹಣೆಬರಹ ಬರೆಯುತ್ತದೆ. 2023ರ ಅಕ್ಟೋಬರ್ 7ರಂದು ಅಫ್ಘಾನಿಸ್ತಾನದ ಹೆರಾತ್ ಪ್ರಾಂತ್ಯದಲ್ಲಿ 6.3ರ ಭೂಕಂಪವಾಗಿ ಜಿಂದಾಜಾನ್ ಜಿಲ್ಲೆಯ ಮಣ್ಣಿನ ಮನೆಗಳ ಹಳ್ಳಿಗಳು ಒಂದೇ ಏಟಿಗೆ ಧೂಳಾದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಹಗಲು ಹೊತ್ತು, ಮನೆಯೊಳಗಿದ್ದವರು ಹೆಂಗಸರು ಮತ್ತು ಮಕ್ಕಳು. ಸತ್ತವರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಪಾಲು ಅವರೇ. ಅದೇ ದಿನ ಬೆಳಿಗ್ಗೆ ಇಸ್ರೇಲ್ ಮೇಲೆ ಹಮಾಸ್ ದಾಳಿ ನಡೆದಿತ್ತು. ಹೆರಾತ್‌ನ ಹೆಸರು ಎಷ್ಟು ಜನರ ಕಿವಿಗೆ ಬಿತ್ತು? ಅರ್ಥಶಾಸ್ತ್ರಜ್ಞರಾದ ಥಾಮಸ್ ಐಸೆನ್ಸೀ ಮತ್ತು ಡೇವಿಡ್ ಸ್ಟ್ರಾಂಬರ್ಗ್ 1968ರಿಂದ 2002ರವರೆಗಿನ ಸುಮಾರು 5,000 ಪ್ರಕೃತಿ ವಿಕೋಪಗಳನ್ನು ಅಮೆರಿಕದ ಟಿ.ವಿ. ಸುದ್ದಿಯ ಜೊತೆ ಹೋಲಿಸಿ ನೋಡಿದ್ದರು. ಒಲಿಂಪಿಕ್ಸ್‌ನಂತಹ ದೊಡ್ಡ ಸುದ್ದಿಯ ಜೊತೆಗೆ ಬಂದ ವಿಕೋಪಕ್ಕೆ ಅಮೆರಿಕದ ಸರ್ಕಾರಿ ನೆರವು ಸಿಗುವ ಸಾಧ್ಯತೆ ಕಡಿಮೆ ಎಂದು ಕಂಡರು. ಜ್ವಾಲಾಮುಖಿಗೆ ಒಬ್ಬರು ಸತ್ತಾಗ ಸಿಗುವಷ್ಟು ಸುದ್ದಿ ಸಿಗಲು ಆಹಾರದ ಕೊರತೆಯಿಂದ 40,000 ಮಂದಿ ಸಾಯಬೇಕು ಎಂಬ ಲೆಕ್ಕವೂ ಅವರದೇ.

ಮ್ಯಾನ್ಮಾರ್‌ನಲ್ಲಿ 2025ರ ಮಾರ್ಚ್ 28ರಂದು 7.7ರ ಭೂಕಂಪವಾದಾಗ ನಾವು ಮೊದಲು ನೋಡಿದ್ದು ಬ್ಯಾಂಕಾಕ್ ಅನ್ನು. ಕೇಂದ್ರಬಿಂದುವಿನಿಂದ ಸುಮಾರು ಸಾವಿರ ಕಿಲೋಮೀಟರ್ ದೂರದ ನಗರ. ನಿರ್ಮಾಣ ಹಂತದ ಬಹುಮಹಡಿ ಸರ್ಕಾರಿ ಕಟ್ಟಡ ಧೂಳೆಬ್ಬಿಸಿ ಕುಸಿದದ್ದು, ಹೋಟೆಲಿನ ತಾರಸಿಯ ಈಜುಕೊಳದಿಂದ ನೀರು ಕೆಳಗೆ ಧುಮುಕಿದ್ದು ಕ್ಷಣದಲ್ಲಿ ಎಲ್ಲೆಡೆ ಬಂತು. ಸಗಾಯಿಂಗ್‌ನಲ್ಲಿ ರಂಜಾನಿನ ಕೊನೆಯ ಶುಕ್ರವಾರದ ನಮಾಜಿಗೆ ಸೇರಿದ್ದವರ ಮೇಲೆ ಮಸೀದಿಗಳು ಕುಸಿದ ವಿವರ ನಿಧಾನವಾಗಿ ಹೊರಬಂತು. ಸೇನಾಡಳಿತ ಇಂಟರ್‌ನೆಟ್ ಬಿಗಿಹಿಡಿದಿತ್ತು, ವಿದೇಶಿ ಪತ್ರಕರ್ತರನ್ನು ಒಳಗೆ ಬಿಡಲಿಲ್ಲ. 3,000ಕ್ಕೂ ಹೆಚ್ಚು ಜನ ಸತ್ತ ದೇಶ ಆ ದಿನದ ಸುದ್ದಿಯಲ್ಲಿ ಎರಡನೆಯ ಸಾಲಿನಲ್ಲಿತ್ತು.

ಮರುಕ ಕೈಗೆ ಬಂದಾಗಲೂ ಅದು ತಪ್ಪು ರೂಪ ತಾಳುವುದುಂಟು. 2004ರ ಸುನಾಮಿಯ ನಂತರ ನಾಗಪಟ್ಟಣದ ರಸ್ತೆ ಬದಿಗಳಲ್ಲಿ ರಾಶಿ ಬಿದ್ದಿದ್ದ ಹಳೆಯ ಬಟ್ಟೆಗಳನ್ನು ನೆನಪಿಸಿಕೊಳ್ಳಿ. ಬೇರೆಯವರು ಉಟ್ಟುಬಿಟ್ಟ ಬಟ್ಟೆ ತೊಡಲು ಮೀನುಗಾರ ಕುಟುಂಬಗಳು ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. 2015ರ ಭೂಕಂಪದ ನಂತರ ನೇಪಾಳದಲ್ಲಿ ವಿದೇಶಗಳಿಂದ ಹತ್ತಾರು ರಕ್ಷಣಾ ತಂಡಗಳು ಬಂದಿಳಿದವು. ಅವೆಲ್ಲ ಸೇರಿ ಜೀವಂತವಾಗಿ ಹೊರತೆಗೆದದ್ದು 16 ಮಂದಿಯನ್ನು. ಬದುಕಿ ಬಂದ ಉಳಿದವರನ್ನೆಲ್ಲ ಹೊರಗೆಳೆದವರು ನೆರೆಹೊರೆಯವರು, ನೇಪಾಳದ ಸೈನಿಕರು, ಪೊಲೀಸರು. ಹದಿನಾರು ಜೀವಗಳೂ ಅಮೂಲ್ಯವೇ. ಆದರೆ ಟಿ.ವಿ.ಯಲ್ಲಿ ಕಾಣುವ ನಾಯಿ, ಶಿರಸ್ತ್ರಾಣ, ಧ್ವಜಗಳ ಆಚೆಗೆ ಮೂಳೆ ಮುರಿದವರ ಶಸ್ತ್ರಚಿಕಿತ್ಸೆ, ಜಜ್ಜಿಹೋದ ಕೈಕಾಲಿನಿಂದ ಮೂತ್ರಪಿಂಡ ಕೆಟ್ಟವರ ಡಯಾಲಿಸಿಸ್, ಕುಡಿಯುವ ನೀರು, ಶೌಚಾಲಯ, ಮಳೆಗಾಲಕ್ಕೆ ಮುನ್ನ ತಗಡು ಇವುಗಳಿಗೆ ಬೇಕಾಗುವ ಹಣ ಬಹಳ ದೊಡ್ಡದು, ಕಾಲ ಬಹಳ ದೀರ್ಘ.

ನೇಪಾಳದಲ್ಲೇ ಇನ್ನೊಂದು ಪಾಠವಾಯಿತು. ಭಾರತ ಕೆಲವೇ ಗಂಟೆಗಳಲ್ಲಿ ಆಪರೇಷನ್ ಮೈತ್ರಿ ಎಂಬ ಪರಿಹಾರ ಕಾರ್ಯಾಚರಣೆ ಆರಂಭಿಸಿತು, ಸೇನೆ ನಿಜಕ್ಕೂ ದೊಡ್ಡ ಕೆಲಸ ಮಾಡಿತು. ಆದರೆ ನಮ್ಮ ಸುದ್ದಿವಾಹಿನಿಗಳು ಅದನ್ನು ನಮ್ಮ ವಿಜಯೋತ್ಸವದ ಹಾಗೆ ತೋರಿಸಿದವು, ಮಕ್ಕಳನ್ನು ಕಳೆದುಕೊಂಡವರ ಬಾಯಿಗೆ ಮೈಕ್ ಹಿಡಿದು ಹೇಗನ್ನಿಸುತ್ತಿದೆ ಎಂದು ಕೇಳಿದವು. ಹತ್ತು ದಿನ ಕಳೆಯುವಷ್ಟರಲ್ಲಿ ‘ಭಾರತೀಯ ಮಾಧ್ಯಮಗಳೇ, ಮನೆಗೆ ಹೋಗಿ’ ಎಂಬ ಕೂಗು ನೇಪಾಳಿಗರಿಂದ ಟ್ವಿಟರ್‌ನಲ್ಲಿ ಎದ್ದಿತು. ಅದೇ ವರ್ಷ ಸೆಪ್ಟೆಂಬರ್‌ನಿಂದ ಗಡಿಯಲ್ಲಿ ಸರಕು ಲಾರಿಗಳು ನಿಂತು ಇಂಧನಕ್ಕೂ ಔಷಧಿಗೂ ತತ್ವಾರವಾದಾಗ, ಅದನ್ನು ದಿಗ್ಬಂಧನ ಎಂದು ನೇಪಾಳ ಕರೆಯಿತು, ಭಾರತ ಅಲ್ಲಗಳೆಯಿತು. ಏಪ್ರಿಲ್‌ನ ಮೈತ್ರಿ ಆ ಚಳಿಗಾಲದಲ್ಲಿ ಯಾರಿಗೂ ನೆನಪಾಗಲಿಲ್ಲ.

ಹಾಗಾದರೆ ಭೂಕಂಪದ ನೆರವಿನಿಂದ ಎರಡು ದೇಶಗಳ ನಡುವೆ ಏನೂ ಬದಲಾಗುವುದಿಲ್ಲವೇ? ಬದಲಾಗುತ್ತದೆ, ಬದಲಾದದ್ದೂ ಟರ್ಕಿಯಲ್ಲೇ. 1999ರ ಆಗಸ್ಟ್ 17ರಂದು ಇಜ್ಮಿತ್ ಭೂಕಂಪದಲ್ಲಿ 17,000ಕ್ಕೂ ಹೆಚ್ಚು ಜನ ಸತ್ತಾಗ ಹಳೆಯ ವೈರಿ ಗ್ರೀಸ್ ಮೊದಲು ಧಾವಿಸಿದವರಲ್ಲಿ ಒಂದಾಗಿತ್ತು. ಮೂರು ವಾರಕ್ಕೆ ಅಥೆನ್ಸ್ ನಡುಗಿತು, ಟರ್ಕಿಯ ರಕ್ಷಣಾ ತಂಡ ಅಲ್ಲಿಗೆ ಹೋಯಿತು. ಎರಡೂ ದೇಶಗಳ ಬಾಂಧವ್ಯ ಆಮೇಲೆ ಸುಧಾರಿಸಿದ್ದನ್ನು ಜಗತ್ತು ‘ಭೂಕಂಪ ರಾಜತಾಂತ್ರಿಕತೆ’ ಎಂದು ಕರೆಯಿತು. ಆದರೆ ವಿದೇಶಾಂಗ ಸಚಿವರಾದ ಗ್ರೀಸ್‌ನ ಯೋರ್ಗೊಸ್ ಪಪಾಂಡ್ರೆಯು ಮತ್ತು ಟರ್ಕಿಯ ಇಸ್ಮಾಯಿಲ್ ಜೆಮ್ ಆ ಬೇಸಿಗೆಗೆ ಮೊದಲೇ ಮಾತುಕತೆ ಶುರುಮಾಡಿದ್ದರು. ನೆರವು ಹೊಸ ನೀತಿಯನ್ನು ಹುಟ್ಟಿಸಲಿಲ್ಲ. ವೈರಿಯ ಜೊತೆ ಮಾತಾಡುತ್ತಿದ್ದೇವೆ ಎಂದು ತಮ್ಮ ಜನರ ಎದುರು ಬಾಯಿಬಿಟ್ಟು ಹೇಳುವ ಧೈರ್ಯವನ್ನು ಆ ನಾಯಕರಿಗೆ ಕೊಟ್ಟಿತು. 2023ರಲ್ಲಿ ಅರ್ಮೇನಿಯಾದ ನೆರವಿನ ಲಾರಿಗಳು ಮಾರ್ಗರಾ ಸೇತುವೆ ದಾಟಿ ಟರ್ಕಿಗೆ ಹೋದವು; ಮೂವತ್ತು ವರ್ಷಗಳಿಂದ ಮುಚ್ಚಿದ್ದ ಗಡಿ ಅದು. 2001ರಲ್ಲಿ ಭುಜ್ ನೆಲಕಚ್ಚಿದಾಗ ಪಾಕಿಸ್ತಾನ ಪರಿಹಾರ ಸಾಮಗ್ರಿಯ ವಿಮಾನಗಳನ್ನು ಅಹಮದಾಬಾದಿಗೆ ಕಳುಹಿಸಿತ್ತು. ಕಾರ್ಗಿಲ್ ಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ನಾವು ಅದನ್ನು ಸ್ವೀಕರಿಸಿದೆವು. ಸ್ವೀಕರಿಸಿದ ಕಾರಣಕ್ಕೆ ಕಾಶ್ಮೀರದ ಬಗ್ಗೆ ನಮ್ಮ ನಿಲುವು ಬದಲಿಸಬೇಕು ಎಂದು ಯಾರಾದರೂ ಕೇಳಿದ್ದರೆ ನಮಗೆ ಹೇಗೆನಿಸುತ್ತಿತ್ತು?

2023ರಲ್ಲಿ ಟರ್ಕಿಗೆ ಭಾರತ ಕೊಟ್ಟ ನೆರವಿನ ಕಾರ್ಯಾಚರಣೆಯಾದ ಆಪರೇಷನ್ ದೋಸ್ತ್‌ನಲ್ಲಿ ನಮ್ಮವರು ಮಾಡಿದ ಕೆಲಸ ಹೆಮ್ಮೆಯದು. ನುರ್ದಾಗಿಯ ಅವಶೇಷಗಳ ನಡುವೆ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ಜೂಲಿ ಎಂಬ ನಾಯಿ ಮೂಸಿ ಹಿಡಿದು, ಆರು ವರ್ಷದ ಬಾಲಕಿಯೊಬ್ಬಳು ಜೀವಂತ ಹೊರಬಂದಳು. ಇಸ್ಕೆಂದರುನ್‌ನಲ್ಲಿ ಸೇನೆಯ 60ನೇ ಪ್ಯಾರಾ ಫೀಲ್ಡ್ ಆಸ್ಪತ್ರೆ ಸಾವಿರಾರು ಮಂದಿಗೆ ಚಿಕಿತ್ಸೆ ನೀಡಿತು. ಆ ನೆರವನ್ನು ಪಡೆದವರು ಎರ್ದೊಆನ್ ಸರ್ಕಾರದ ವಿದೇಶಾಂಗ ಇಲಾಖೆಯವರಲ್ಲ. ಕಾಲು ಮುರಿದವರು, ಮನೆ ಕಳೆದುಕೊಂಡವರು, ಆ ಬಾಲಕಿ. ಎರಡು ವರ್ಷಗಳ ನಂತರವೂ ಲಕ್ಷಾಂತರ ಜನ ಅಲ್ಲಿ ಕಂಟೇನರ್ ಮನೆಗಳಲ್ಲೇ ದಿನ ತಳ್ಳುತ್ತಿದ್ದರು. ಕೃತಜ್ಞತೆ ಎಲ್ಲಿ ಎಂದು ನಾವು ಕೇಳಿದ ಪ್ರಶ್ನೆ ಇವರಲ್ಲಿ ಯಾರಿಗೆ ಸಲ್ಲುತ್ತದೆ? ಪಾಕಿಸ್ತಾನಕ್ಕೆ ಡ್ರೋನ್ ಕೊಡುವ ತೀರ್ಮಾನದಲ್ಲಿ ಇವರ ಮಾತು ಯಾರೂ ಕೇಳಿರಲಿಲ್ಲ.

ಸರ್ಕಾರಗಳ ನಡುವಿನ ಮುನಿಸನ್ನು ಬದಿಗಿಟ್ಟು ಜನರಿಗೆ ನೇರವಾಗಿ ಕೊಡಲು ಸಾಧ್ಯವೆಂಬುದನ್ನು ಭಾರತವೇ ತೋರಿಸಿತು, ಅದೂ ಟರ್ಕಿಯ ವಿರುದ್ಧ ಕೂಗೆದ್ದ ಅದೇ ವರ್ಷ. 2025ರ ಆಗಸ್ಟ್ 31ರ ರಾತ್ರಿ ಅಫ್ಘಾನಿಸ್ತಾನದ ಕುನಾರ್ ಪ್ರಾಂತ್ಯದಲ್ಲಿ 6.0ರ ಭೂಕಂಪವಾಗಿ 2,000ಕ್ಕೂ ಹೆಚ್ಚು ಜನ ಸತ್ತರು. ತಾಲಿಬಾನ್ ಸರ್ಕಾರಕ್ಕೆ ಭಾರತದ ಮಾನ್ಯತೆ ಇರಲಿಲ್ಲ. ಆದರೂ ಮರುದಿನವೇ 1,000 ಕುಟುಂಬ ಟೆಂಟ್‌ಗಳು ಕಾಬೂಲಿನಲ್ಲಿದ್ದವು, 15 ಟನ್ ಆಹಾರ ಅಲ್ಲಿಂದ ಕುನಾರ್ ಕಡೆಗೆ ಹೊರಟಿತ್ತು. ಬೆಟ್ಟದ ಹಳ್ಳಿಗಳಲ್ಲಿ ಚಳಿ ಏರುವ ಮೊದಲು ಅಲ್ಲಿನವರಿಗೆ ಬೇಕಾಗಿದ್ದುದು ಸೂರು ಮತ್ತು ಅನ್ನ. ಹೋದದ್ದೂ ಅವೇ.